ಆಗುಂಬೆ ಘಾಟಿ ಇಳಿಯಲು ಯಾವ ಗಾಡಿ ಒಳ್ಳೇದು?

ಬೆಂಗಳೂರಿನಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ದಾರಿಯಾಗಿ ಉಡುಪಿಗೆ ಹೋಗುವವರು ತುಂಬಾ ಜನ ಇದ್ದಾರೆ. ಈ ದಾರಿಯಲ್ಲಿ ನಮ್ಮ ವ್ಯಾಗನ್‌ಆರ್ ಓಡಿಸಿದ್ದೇನೆ. ಮನೆಮಂದಿಯೆಲ್ಲ ಹೊರಟಾಗ ಭಾವನ ಇನ್ನೋವಾ ಕ್ರಿಸ್ಟಾವನ್ನೂ ಓಡಿಸಿದ್ದೇನೆ. ದೊಡ್ಡ ಗಾಡಿಯೇ ಸೇಫ್ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗುಂಬೆ ಊರಿನವರೆಗೆ ಹೌದು. ಅಲ್ಲಿಂದ ಕೆಳಗೆ ಲೆಕ್ಕವೇ ಬೇರೆ.

ಹೆದ್ದಾರಿಯಲ್ಲಿ ಕ್ರಿಸ್ಟಾ ಆರಾಮ. ಎದುರಿಂದ ಬಸ್ಸು ಬೀಸಿಕೊಂಡು ಬಂದರೂ ಜಗ್ಗಲ್ಲ. ವ್ಯಾಗನ್‌ಆರ್ ಎತ್ತರ ಇದೆ, ತೂಕ ಇಲ್ಲ. ಲಾರಿ ಪಕ್ಕದಲ್ಲೇ ಹಾದರೆ ಗಾಳಿಗೆ ಸ್ವಲ್ಪ ತಳ್ಳಿದ ಹಾಗಾಗುತ್ತದೆ, ಸ್ಟೀರಿಂಗ್ ಗಟ್ಟಿ ಹಿಡಿಯಬೇಕು. ಅಪಘಾತವಾದರೂ ಸಾಮಾನ್ಯವಾಗಿ ಭಾರದ ಗಾಡಿಯಲ್ಲಿದ್ದವರಿಗೇ ಪೆಟ್ಟು ಕಡಿಮೆ. ಸಣ್ಣ ಕಾರಿನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ಒಪ್ಪಲೇಬೇಕು.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವುಗಳು ಸಿಗುತ್ತವೆ. ರಸ್ತೆ ಕಿರಿದು. ಭಾರಿ ವಾಹನಗಳನ್ನು ಬಿಡುವುದಿಲ್ಲ, ಓಡಾಡುವುದು ಮಿನಿ ಬಸ್ಸುಗಳು. ಕ್ರಿಸ್ಟಾ ಉದ್ದ ಸುಮಾರು 4.7 ಮೀಟರ್, ವ್ಯಾಗನ್‌ಆರ್ 3.65. ಆ ಒಂದು ಮೀಟರ್ ವ್ಯತ್ಯಾಸ ಎಡ ತಿರುವಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಗಾಡಿ ಉದ್ದವಾದಷ್ಟೂ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ರಸ್ತೆಯಂಚು ಬಿಟ್ಟು ಚರಂಡಿಗೆ ಇಳಿಯಬಾರದು ಅಂದರೆ ಬಲಕ್ಕೆ ಅಗಲವಾಗಿ ತೆಗೆದುಕೊಂಡು ತಿರುಗಿಸಬೇಕು. ಬಲಕ್ಕೆ ಹೋದರೆ ಎದುರಿನವರ ಜಾಗಕ್ಕೇ ಹೋದ ಹಾಗೆ. ವ್ಯಾಗನ್‌ಆರ್‌ಗೆ ಈ ತಾಪತ್ರಯ ಅಷ್ಟಿಲ್ಲ.

ಮಿನಿ ಬಸ್ಸು ಹತ್ತಿ ಬರುವುದನ್ನು ಒಮ್ಮೆ ಗಮನಿಸಿ ನೋಡಿ. ಮೊದಲು ಹಾರನ್ ಕೇಳುತ್ತದೆ. ಆಮೇಲೆ ಮೂತಿ ಪೂರ್ತಿ ಹೊರಗಿನ ತಡೆಗೋಡೆಯತ್ತ ಬರುತ್ತದೆ, ಬಾಲ ಒಳಗಿನ ಗುಡ್ಡಕ್ಕೆ ಒರೆಸಿಕೊಂಡ ಹಾಗೆ ತಿರುಗುತ್ತದೆ. ಆ ಹೊತ್ತಿನಲ್ಲಿ ತಿರುವಿನಲ್ಲಿ ಇನ್ನೊಂದು ಗಾಡಿಗೆ ಜಾಗವೇ ಇರುವುದಿಲ್ಲ. ಹಾಗಾಗಿ ಹಾರನ್ ಕೇಳಿದ ತಕ್ಷಣ ತಿರುವಿಗೆ ಮೊದಲೇ ನಿಲ್ಲಿಸಿ, ತಿರುವಿನೊಳಗೆ ನುಗ್ಗಿ ನಿಲ್ಲಿಸಬೇಡಿ. ಹತ್ತಿ ಬರುವವರಿಗೆ ದಾರಿ ಬಿಡುವುದು ಇಳಿಯುವವರ ಕೆಲಸ.

ಇನ್ನೊಂದು, ಲಗೇಜು. ಕ್ರಿಸ್ಟಾದಲ್ಲಿ ಏಳು ಜನ ಕೂತರೆ ಬ್ಯಾಗುಗಳು ಟಾಪ್ ಮೇಲೆ ಹೋಗುತ್ತವೆ. ಎತ್ತರದ ಗಾಡಿಗೆ ಮೇಲೆ ಇನ್ನೂ ಭಾರ ಹೇರಿದರೆ ಪ್ರತಿ ತಿರುವಿನಲ್ಲೂ ವಾಲುತ್ತದೆ. ಹಿಂದಿನ ಸೀಟಿನವರಿಗೆ ವಾಂತಿ ಶುರುವಾಗುವುದೂ ಆಗಲೇ. ಟಾಪ್ ಖಾಲಿ ಬಿಡಿ, ಭಾರದ ಬ್ಯಾಗುಗಳನ್ನು ಕೆಳಗಿಡಿ. ಜಾಗ ಸಾಲದಿದ್ದರೆ ಎರಡು ಸಣ್ಣ ಕಾರುಗಳಲ್ಲಿ ಹೋಗಿ, ಖರ್ಚು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಇಳಿಯುವಾಗ ಎರಡನೇ ಗೇರ್, ಕಡಿದಾದಲ್ಲಿ ಒಂದನೇ ಗೇರ್. ಡೀಸೆಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್‌ಗೆ ಹಾಕುವವರು ಈಗಲೂ ಇದ್ದಾರೆ, ಅವರ ಪಕ್ಕ ನಾನಂತೂ ಕೂರಲ್ಲ. ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿಯುವುದೇ ಕಡಿಮೆಯಾಗುತ್ತದೆ, ಭಾರದ ಗಾಡಿಯಲ್ಲಿ ಇನ್ನೂ ಬೇಗ. ಆಟೋಮ್ಯಾಟಿಕ್ ಇದ್ದವರು ಡಿ ಬಿಟ್ಟು ಎಲ್ ಅಥವಾ ಮ್ಯಾನ್ಯುವಲ್‌ಗೆ ಬದಲಿಸಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಬ್ರೇಕ್ ತಣ್ಣಗಾಗಲಿ. ಚಕ್ರಕ್ಕೆ ನೀರು ಸುರಿಯಬೇಡಿ.

ಸೂರ್ಯಾಸ್ತದ ಜಾಗದಲ್ಲಿ ಸಂಜೆ ಕಾರುಗಳು ಅಡ್ಡಾದಿಡ್ಡಿ ನಿಂತಿರುತ್ತವೆ, ಕೋತಿಗಳು ಬೇರೆ. ಮಂಜು ಮುಸುಕಿದರೆ ಹೈಬೀಮ್ ಹಾಕಬೇಡಿ, ಏನೂ ಕಾಣುವುದಿಲ್ಲ.

ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಮುಚ್ಚುವುದುಂಟು. ತೀರ್ಥಹಳ್ಳಿಯಲ್ಲಿ ಕಾಫಿಗೆ ನಿಂತಾಗಲೇ ವಿಚಾರಿಸಿ. ಮುಚ್ಚಿದ್ದರೆ ಮಾಸ್ತಿಕಟ್ಟೆಗೆ ಹೋಗಿ, ಹುಲಿಕಲ್ ಘಾಟಿ ಇಳಿದು ಸಿದ್ದಾಪುರದ ಮೇಲೆ ಉಡುಪಿ ಸೇರಬಹುದು.