‘ಬ್ರೈಟ್‌ನೆಸ್ ಜಾಸ್ತಿ ಮಾಡ್ಲಾ ಅಜ್ಜಿ?’

‘ಏನೂ ಕಾಣ್ತಾನೇ ಇಲ್ಲ. ಬ್ರೈಟ್‌ನೆಸ್ ಜಾಸ್ತಿ ಮಾಡ್ಲಾ ಅಜ್ಜಿ?’

ಕಳೆದ ಶನಿವಾರ ರಾತ್ರಿ ಬಸವನಗುಡಿಯ ಒಂದು ಮನೆಯ ಹಾಲ್‌ನಲ್ಲಿ ಕೇಳಿದ ಮಾತು. 55 ಇಂಚಿನ ಹೊಸ ಟೀವಿ, ಗುರುದತ್ ಅವರ ಹಳೇ ಕಪ್ಪುಬಿಳುಪು ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ ಓಡುತ್ತಿತ್ತು. ‘ವಕ್ತ್ ನೆ ಕಿಯಾ ಕ್ಯಾ ಹಸೀನ್ ಸಿತಮ್’ ಹಾಡು ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ. ಅಜ್ಜಿ ಬೇಡ ಅನ್ನುವಷ್ಟರಲ್ಲಿ ಮೊಮ್ಮಗ ರಿಮೋಟ್ ಒತ್ತಿಬಿಟ್ಟಿದ್ದ. 50ರಲ್ಲಿದ್ದದ್ದು 70ಕ್ಕೆ ಹೋಯಿತು. ಕಪ್ಪಗಿದ್ದ ಸ್ಟುಡಿಯೋ ಬೂದಿ ಬಣ್ಣಕ್ಕೆ ತಿರುಗಿತು. ಮೇಲಿನಿಂದ ಓರೆಯಾಗಿ ಇಳಿಯುತ್ತಿದ್ದ ಬಿಸಿಲುಕೋಲು ಆ ಬೂದಿಯಲ್ಲಿ ಕಲಸಿಹೋಗಿ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದಂತಾಯಿತು. ಅಜ್ಜಿ ಹಾಡು ಮುಗಿಯುವವರೆಗೂ ಸುಮ್ಮನೆ ನೋಡಿದರು. ಆಮೇಲೆ ಇಷ್ಟೇ ಅಂದರು: ‘ಇದಲ್ಲ ಕಣೋ ನಾನು ನೋಡಿದ್ದು.’

ಆ ಮಾತನ್ನು ಹಳಬರ ಹಳಹಳಿಕೆ ಅಂದುಕೊಂಡು ಬಿಟ್ಟುಬಿಡಬಹುದಿತ್ತು. ಆದರೆ ಅಜ್ಜಿ ಹೇಳಿದ್ದು ಅಕ್ಷರಶಃ ಸರಿ. ಕಾಲೇಜು ದಿನಗಳಲ್ಲಿ ಮಾರ್ನಿಂಗ್ ಶೋನಲ್ಲಿ ಅವರು ನೋಡಿದ ಚಿತ್ರ ಶನಿವಾರ ಆ ಪರದೆಯ ಮೇಲೆ ಇರಲೇ ಇಲ್ಲ.

ಆ ಹಾಡಿನಲ್ಲಿ ಕಾಣುವುದಾದರೂ ಏನು? ಖಾಲಿ ಸ್ಟುಡಿಯೋ. ಒಂದು ಕಡೆ ಕಥೆಯೊಳಗಿನ ನಿರ್ದೇಶಕ ಸುರೇಶ್ ಸಿನ್ಹಾ, ಇನ್ನೊಂದು ಕಡೆ ನಟಿ ಶಾಂತಿ. ಆ ಪಾತ್ರಗಳಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್. ಇಬ್ಬರೂ ತುಟಿ ಬಿಚ್ಚುವುದಿಲ್ಲ. ಹಾಡು ಹಿನ್ನೆಲೆಯಿಂದ ಬರುತ್ತದೆ, ಗೀತಾ ದತ್ ದನಿಯಲ್ಲಿ. ನಡುವೆ ಬೆಳಕಿನ ಒಂದು ಕಂಬ. ಇಬ್ಬರೂ ನಿಂತಲ್ಲೇ ನಿಂತಿರುವಾಗ, ಅವರೊಳಗಿನಿಂದ ಹೊಗೆಯಂಥ ಇನ್ನೆರಡು ಆಕೃತಿಗಳು ಹೊರಟು ಆ ಬೆಳಕಿನಲ್ಲಿ ಸೇರುತ್ತವೆ. ಕಥೆಯಲ್ಲಿ ಆಗಲಾರದ್ದು ಆ ಬೆಳಕಿನೊಳಗೆ ಮಾತ್ರ ಆಗುತ್ತದೆ. ಸುತ್ತಲಿನ ಕತ್ತಲೆ ಕತ್ತಲೆಯಾಗಿಯೇ ಇದ್ದರೆ ಮಾತ್ರ ಇದು ಅರ್ಥವಾಗುತ್ತದೆ. ಕತ್ತಲೆಯನ್ನು ತೆಗೆದರೆ ಉಳಿಯುವುದು ಗೋದಾಮಿನಲ್ಲಿ ನಿಂತ ಇಬ್ಬರು ಮನುಷ್ಯರು.

ಆ ಕತ್ತಲೆಯನ್ನು ಕಟ್ಟಿದವರು ಚಿತ್ರದ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು, ಪಿಟೀಲು ನುಡಿಸುತ್ತಿದ್ದವರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. ಚಿತ್ರದ ನಿರ್ದೇಶಕ ಗುರುದತ್ ಹುಟ್ಟಿದ್ದೂ 1925ರಲ್ಲಿ ಇದೇ ಬೆಂಗಳೂರಿನಲ್ಲಿ. ತಾಯಿ ವಾಸಂತಿ ಪಡುಕೋಣೆ ಮಗನ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು; ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. 2014ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಿದ್ದು ಶಂಕರಪುರದ ಮನೆಯಲ್ಲಿ. ಶನಿವಾರ ರಿಮೋಟ್ ಒತ್ತಿದ ಆ ಹಾಲ್‌ನಿಂದ ನಡೆದೇ ಹೋಗಬಹುದಾದ ದೂರ. ಉಮಾ ರಾವ್ ಅವರು ಮೂರ್ತಿಯವರ ಬದುಕಿನ ಬಗ್ಗೆ ಬರೆದ ಪುಸ್ತಕದ ಹೆಸರೇ ‘ಬಿಸಿಲು ಕೋಲು’. ಇದಕ್ಕಿಂತ ಸರಿಯಾದ ಹೆಸರು ಅವರ ಕೆಲಸಕ್ಕೆ ಸಿಗಲಾರದು.

ಯಾಕೆಂದರೆ ಹಾಡಿನಲ್ಲಿರುವುದು ನಿಜಕ್ಕೂ ಬಿಸಿಲೇ, ದೀಪದ ಬೆಳಕಲ್ಲ. ಹೊರಗೆ ಬಿಸಿಲಿಗೆ ಒಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು. ಮೊದಲನೆಯದು ಸೂರ್ಯನನ್ನು ಹಿಡಿದು ಒಳಕ್ಕೆ ಕಳಿಸುತ್ತದೆ, ಎರಡನೆಯದು ಅದನ್ನು ನೆಲಕ್ಕೆ ಇಳಿಸುತ್ತದೆ. ಸ್ಟುಡಿಯೋದಲ್ಲಿ ಅಷ್ಟೊಂದು ದೀಪಗಳಿರುವಾಗ ಈ ಪಾಡು ಯಾಕೆ ಅಂತ ಮೊಮ್ಮಗನೂ ಕೇಳಿದ. ಕಾರಣ ಸರಳ. ದೀಪ ಎಷ್ಟೇ ದೊಡ್ಡದಿದ್ದರೂ ಅದರ ಬೆಳಕು ದೂರ ಹೋದಂತೆ ಅಗಲವಾಗುತ್ತದೆ, ಆಲಿಕೆಯ ಆಕಾರ ಪಡೆಯುತ್ತದೆ, ಅಂಚು ಮಸುಕಾಗುತ್ತದೆ. ಸೂರ್ಯ ಅಷ್ಟು ದೂರದಲ್ಲಿರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಒಂದಕ್ಕೊಂದು ಸಮಾನಾಂತರ. ಹರಡುವುದು ಅರ್ಧ ಡಿಗ್ರಿಯಷ್ಟೇ. ಚಪ್ಪಟೆ ಕನ್ನಡಿ ಅದನ್ನು ಹಾಗೇ ತಿರುಗಿಸುತ್ತದೆ. 15 ಮೀಟರ್ ದೂರ ಬಂದರೂ ಒಂದು ಗೇಣಿನಷ್ಟೂ ಹರಡದು. ಅದಕ್ಕೇ ಅದು ಕೋಲು.

ಆದರೆ ಬಿಸಿಲನ್ನು ನೆಚ್ಚಿ ಕೆಲಸ ಮಾಡುವುದು ಸುಲಭವಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಅಂದರೆ 4 ನಿಮಿಷಕ್ಕೆ ಒಂದು ಡಿಗ್ರಿ. ಕನ್ನಡಿ ಇದ್ದಲ್ಲೇ ಇದ್ದರೆ 15 ಮೀಟರ್ ದೂರದಲ್ಲಿ ಬೆಳಕು ಅಷ್ಟರೊಳಗೆ 26 ಸೆಂಟಿಮೀಟರ್ ಜರುಗಿರುತ್ತದೆ. ನಟಿ ನಿಲ್ಲಬೇಕಾದ ಗುರುತು ಬೆಳಕಿನ ಹೊರಗೆ ಉಳಿಯುತ್ತದೆ. ಹಾಗಾಗಿ ಕನ್ನಡಿಯ ಹತ್ತಿರ ಯಾರಾದರೂ ನಿಂತು ಟೇಕ್‌ಗಳ ನಡುವೆ ಅದನ್ನು ತಿದ್ದುತ್ತಲೇ ಇರಬೇಕು. ತಿದ್ದುವಾಗಲೂ ಹುಷಾರು: ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ಕೈ ನಡುಗಿದರೆ ಇಡೀ ಕೋಲು ನಡುಗುತ್ತದೆ. ಮೋಡ ಬಂದರೆ ಕೆಲಸ ನಿಂತ ಹಾಗೇ.

ಇಷ್ಟಾದರೂ ಬರೀ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಹೊಗೆ ಬೇಕು. ಹೊಗೆ ಕಡಿಮೆಯಾದರೆ ಕೋಲು ಮಾಯ, ನೆಲದ ಮೇಲೆ ಒಂದು ಬಿಳಿ ಚೌಕ ಮಾತ್ರ. ಜಾಸ್ತಿಯಾದರೆ ಸೆಟ್ಟೆಲ್ಲ ಹಾಲಿನಂತೆ ಬೆಳ್ಳಗಾಗಿ ಹಿಂದಿನ ಕಪ್ಪು ಹಾಳು. ಫ್ಯಾನು ನಿಲ್ಲಿಸಬೇಕು, ಬಾಗಿಲು ಹಾಕಬೇಕು, ಹೊಗೆ ಸುರುಳಿ ಬಿಚ್ಚಿ ಸಮವಾಗಿ ಹರಡುವವರೆಗೆ ಕಾಯಬೇಕು, ಅದು ತೆಳುವಾಗುವ ಮುನ್ನ ಶಾಟ್ ಮುಗಿಸಬೇಕು. ಕ್ಯಾಮೆರಾ ಬೆಳಕಿಗೆ ಬೆನ್ನು ಹಾಕಿ ನಿಂತರೆ ಹೊಗೆ ಹೊಳೆಯುವುದಿಲ್ಲ. ಬೆಳಕು ಎದುರಿನಿಂದಲೋ ಓರೆಯಾಗಿಯೋ ಬರುವಂತೆ ನಿಲ್ಲಬೇಕು. ಆಗ ನಟರ ಮುಖ ಕಪ್ಪಾಗುತ್ತದೆ. ಆ ಮುಖಕ್ಕೆ ಎಷ್ಟು ಬೆಳಕು ಕೊಡಬೇಕು, ಎಷ್ಟು ಕೊಡದೆ ಬಿಡಬೇಕು ಎನ್ನುವುದರಲ್ಲೇ ಇದೆ ಮೂರ್ತಿಯವರ ಜಾಣ್ಮೆ. ವಹೀದಾ ಮುಖದಲ್ಲಿ ಕೆನ್ನೆಯ ಒಂದು ಅಂಚು ಮಾತ್ರ ಬೆಳಗಿ ಕಣ್ಣು ಕತ್ತಲಲ್ಲಿ ಉಳಿಯುವ ಗಳಿಗೆಗಳನ್ನು ನೋಡಿ. ‘ಏನೂ ಕಾಣ್ತಾನೇ ಇಲ್ಲ’ ಅಂತ ಮೊಮ್ಮಗ ಅಂದದ್ದು ಅದನ್ನೇ.

ಇನ್ನೊಂದು ಪೆಟ್ಟು ಬಿದ್ದದ್ದು ಅಗಲಕ್ಕೆ. 1959ರ ಈ ಚಿತ್ರ ಭಾರತದ ಮೊದಲ ಸಿನಿಮಾಸ್ಕೋಪ್. ಆ ಲೆನ್ಸ್ ದೃಶ್ಯವನ್ನು ಅಡ್ಡಡ್ಡಲಾಗಿ ಅರ್ಧಕ್ಕೆ ಒತ್ತಿ ಮಾಮೂಲಿ 35 ಮಿಲಿಮೀಟರ್ ರೀಲಿನ ಮೇಲೆ ಕೂರಿಸುತ್ತದೆ. ಟಾಕೀಸಿನಲ್ಲಿ ಪ್ರೊಜೆಕ್ಟರಿಗೆ ಹಾಕಿದ ಜೊತೆ ಲೆನ್ಸ್ ಅದನ್ನು ಮತ್ತೆ ಬಿಡಿಸುತ್ತದೆ. ಆ ಲೆನ್ಸ್ ಇಲ್ಲದಿದ್ದರೆ ಪರದೆಯ ಮೇಲೆ ಎಲ್ಲರೂ ಬಡಕಲು, ಉದ್ದ. ಬಿಡಿಸಿದ ಚಿತ್ರ ಎತ್ತರದ 2.35 ಪಟ್ಟು ಅಗಲ. ಇಂದಿನ ಟೀವಿ 1.78 ಪಟ್ಟು. ಆದ್ದರಿಂದ 55 ಇಂಚಿನ ಟೀವಿಯಲ್ಲಿ ಮೇಲೆ ಕೆಳಗೆ ಸುಮಾರು 8 ಸೆಂಟಿಮೀಟರಿನ ಎರಡು ಕಪ್ಪು ಪಟ್ಟಿ ಇರಲೇಬೇಕು. ಅದು ದೋಷವಲ್ಲ. ಅದನ್ನು ತುಂಬಿಸಲು ಯಾರೋ ‘ಜೂಮ್’ ಹಾಕಿದ್ದರು. ಜೂಮ್ ಹಾಕಿದರೆ ಎಡಬಲಗಳಲ್ಲಿ ತಲಾ ಶೇ 12ರಷ್ಟು ಚಿತ್ರ ಹೊರಗೆ ಹೋಗುತ್ತದೆ. ಬೇರೆ ಹಾಡಿನಲ್ಲಾದರೆ ತಡೆದುಕೊಳ್ಳಬಹುದು. ಇಲ್ಲಿ ಇಬ್ಬರ ನಡುವಿನ ಖಾಲಿ ಜಾಗವೇ ಹಾಡಿನ ಅರ್ಥ. ಅಂಚು ಕತ್ತರಿಸಿ ಅವರನ್ನು ಚೌಕಟ್ಟಿಗೆ ಒತ್ತಿದರೆ ಆ ದೂರ ಸುಳ್ಳಾಗುತ್ತದೆ.

ಈ ನಡುವೆ ಅಲ್ಲೇ ಕೂತಿದ್ದ ಹಿರಿಯರೊಬ್ಬರು ‘ಇದೆಲ್ಲ ಅವನ ಮನೆ ಕಥೆ ಕಣಯ್ಯಾ’ ಅಂತ ಗುರುದತ್, ಅವರ ಹೆಂಡತಿ ಗೀತಾ, ವಹೀದಾ ಮೂವರ ವಿಷಯ ತೆಗೆದರು. ಈ ಹಾಡು ಬಂದಾಗಲೆಲ್ಲ ಯಾರಾದರೊಬ್ಬರು ತೆಗೆಯುತ್ತಾರೆ. ಗೀತಾ ದತ್‌ಗೆ ಇದರಿಂದ ಆಗುವ ಅನ್ಯಾಯ ದೊಡ್ಡದು. ಆಕೆಯ ನೋವಿನ ಬಗ್ಗೆ ಮಾತಾಡುತ್ತ ಆಕೆಯ ಹಾಡುಗಾರಿಕೆಯನ್ನು ಕೇಳದೆ ಬಿಡುತ್ತೇವೆ. 1947ರಲ್ಲಿ, ಹದಿಹರೆಯ ದಾಟದ ವಯಸ್ಸಿನಲ್ಲೇ, ಎಸ್.ಡಿ. ಬರ್ಮನ್ ಸಂಗೀತದಲ್ಲಿ ಹೆಸರಾದವರು. ಹನ್ನೆರಡು ವರ್ಷಗಳ ನಂತರ ಅದೇ ಬರ್ಮನ್ ರಾಗಕ್ಕೆ, ಕೈಫಿ ಆಜ್ಮಿ ಬರೆದ ಸಾಲುಗಳಿಗೆ ದನಿಯಾಗಿದ್ದಾರೆ. ಇಲ್ಲಿ ಆಕೆ ಎಲ್ಲೂ ದನಿ ಎತ್ತುವುದಿಲ್ಲ, ಅಳುವುದಿಲ್ಲ, ಗಮಕ ತೋರಿಸುವುದಿಲ್ಲ. ‘ತುಮ್ ರಹೇ ನ ತುಮ್’ ಅಂದು ಒಂದು ಉಸಿರಿನಷ್ಟು ಬಿಟ್ಟು ‘ಹಮ್ ರಹೇ ನ ಹಮ್’ ಅನ್ನುತ್ತಾರೆ. ಆ ಉಸಿರಿನ ಬಿಡುವನ್ನು ಕೇಳಿಸಿಕೊಳ್ಳಿ. ನೀನು ನೀನಾಗಿ ಉಳಿಯಲಿಲ್ಲ ಎಂಬ ದೂರು, ನಾನೂ ನಾನಾಗಿ ಉಳಿಯಲಿಲ್ಲ ಎಂಬ ಒಪ್ಪಿಗೆಯಾಗುವುದು ಅಲ್ಲಿ. ಯಾರ ಮನೆ ಕಥೆಯೂ ಗೊತ್ತಿಲ್ಲದವರಿಗೂ ಅದು ತಟ್ಟುತ್ತದೆ.

ಟೀವಿಯಲ್ಲಿ ಆ ಉಸಿರೂ ಕೆಟ್ಟಿತ್ತು. ಹಾಡು ಮೋನೋ, ಒಂದೇ ಕಡೆಯಿಂದ ಬರಬೇಕಾದ ದನಿ. ‘ಸರೌಂಡ್’ ಆನ್ ಇದ್ದದ್ದರಿಂದ ಬಾವಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು.

ಕೊನೆಗೆ ರಿಮೋಟ್ ಕೈ ಬದಲಾಯಿತು, ಒಂದೊಂದೇ ಸರಿಮಾಡಿದ್ದಾಯಿತು. ಮೊದಲು ಪಿಕ್ಚರ್ ಮೋಡ್: ‘ವಿವಿಡ್’ ತೆಗೆದು ‘ಸಿನಿಮಾ’ ಅಥವಾ ‘ಫಿಲಂಮೇಕರ್’. ವಿವಿಡ್‌ನಲ್ಲಿ ಕಪ್ಪುಬಿಳುಪು ಚಿತ್ರಕ್ಕೆ ನೀಲಿ ಛಾಯೆ ಬಂದು ಬಿಡುತ್ತದೆ. ಕಲರ್ ಟೆಂಪರೇಚರ್ ‘ವಾರ್ಮ್’. ಜೂಮ್ ತೆಗೆದು ಮೂಲ ಅಳತೆ. ಮೋಷನ್ ಸ್ಮೂದಿಂಗ್ ಪೂರ್ತಿ ಆಫ್. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರದ ನಡುವೆ ಟೀವಿ ತಾನೇ ಊಹಿಸಿ ಚೌಕಟ್ಟು ತುಂಬುವುದು ಅದೇ, ಅದರಿಂದಲೇ ಹಳೇ ಸಿನಿಮಾ ಸೀರಿಯಲ್ಲಿನಂತೆ ಜಾರುವುದು. ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತದೆ: ಟ್ರೂಮೋಷನ್, ಮೋಷನ್‌ಫ್ಲೋ, ಆಟೋ ಮೋಷನ್ ಪ್ಲಸ್. ನಾಯ್ಸ್ ರಿಡಕ್ಷನ್ ಆಫ್, ಇಲ್ಲದಿದ್ದರೆ ಟೀವಿ ಹೊಗೆಯನ್ನೂ ಕೊಳೆ ಅಂತ ತಿಳಿದು ಒರೆಸುತ್ತದೆ. ಶಾರ್ಪ್‌ನೆಸ್ ತಳಕ್ಕೆ. ಡೈನಮಿಕ್ ಕಾಂಟ್ರಾಸ್ಟ್ ಆಫ್.

ಆಮೇಲೆ ಬ್ರೈಟ್‌ನೆಸ್. ಇಲ್ಲೇ ಎಲ್ಲರೂ ಎಡವುವುದು. ಕೆಲವು ಟೀವಿಗಳಲ್ಲಿ ಆ ಹೆಸರಿನ ಕೆಳಗೆ ಇರುವುದು ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ದೀಪ; ಕೆಲವುಗಳಲ್ಲಿ ಕಪ್ಪಿನ ಮಟ್ಟ. ಬ್ಯಾಕ್‌ಲೈಟ್ ಹೆಚ್ಚಿಸಿದರೆ ಇಡೀ ಚಿತ್ರ ಬೆಳಗುತ್ತದೆ, ಕಪ್ಪು ಬಿಳುಪಿನ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಕಪ್ಪಿನ ಮಟ್ಟ ಹೆಚ್ಚಿಸಿದರೆ ಕತ್ತಲೆಯೇ ಬೂದಿಯಾಗುತ್ತದೆ. ಒತ್ತಿ ನೋಡಿ: ಮೇಲೆ ಕೆಳಗಿನ ಕಪ್ಪು ಪಟ್ಟಿಗಳೂ ಬೂದಿಯಾದರೆ ನೀವು ಮುಟ್ಟಿದ್ದು ತಪ್ಪು ಗುಂಡಿ. ಪಟ್ಟಿ ಮತ್ತೆ ಕಪ್ಪಾಗುವವರೆಗೆ ಇಳಿಸಿ ಅಲ್ಲೇ ಬಿಡಿ.

ಒಂದನ್ನು ಮಾತ್ರ ರಿಮೋಟ್‌ನಿಂದ ಸರಿಮಾಡಲಾಗದು. ನೆಟ್ ನಿಧಾನವಿದ್ದು ಸ್ಟ್ರೀಮಿಂಗ್ ಕೆಳದರ್ಜೆಗೆ ಇಳಿದರೆ, ನಯವಾಗಿ ಕರಗಬೇಕಾದ ಬಿಸಿಲುಕೋಲಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಕತ್ತಲಿನಿಂದ ಬೆಳಕಿಗೆ ಸಾಗುವ ಸಣ್ಣ ವ್ಯತ್ಯಾಸಗಳನ್ನೇ ಕಂಪ್ರೆಷನ್ ಮೊದಲು ಎಸೆಯುವುದು. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಸೌಲಭ್ಯವಿದ್ದರೆ ಹಾಗೆ ಮಾಡಿ, ಡಿಸ್ಕ್ ಇದ್ದರೆ ಇನ್ನೂ ಒಳ್ಳೆಯದು.

ಹಾಡನ್ನು ಎರಡನೇ ಸಲ ಹಾಕಿದರು. ಕಪ್ಪು ಕಪ್ಪಾಗಿತ್ತು, ಕೋಲು ನೆಟ್ಟಗಿತ್ತು, ಅದರೊಳಗೆ ಹೊಗೆ ಮೆಲ್ಲಗೆ ಏರುವುದೂ ಕಂಡಿತು. ಆದರೆ ಪರದೆಯ ಬಲ ಮೂಲೆಯಲ್ಲಿ ಒಂದು ಬಿಳಿ ಗೆರೆ ಹೊಳೆಯುತ್ತಿತ್ತು. ಅಡುಗೆಮನೆಯ ಟ್ಯೂಬ್‌ಲೈಟಿನ ಪ್ರತಿಬಿಂಬ, ಸರಿಯಾಗಿ ಶಾಂತಿ ನಿಂತಿದ್ದ ಜಾಗದ ಮೇಲೆ. ಯಾರೂ ಏನೂ ಹೇಳಲಿಲ್ಲ. ಮೊಮ್ಮಗ ಪಾಜ್ ಒತ್ತಿ, ಎದ್ದುಹೋಗಿ ಅದನ್ನು ಆರಿಸಿ ಬಂದು, ಅಜ್ಜಿಯ ಕಾಲಬುಡದಲ್ಲಿ ಕೂತು, ‘ಮೊದಲಿಂದ ಹಾಕ್ತೀನಿ, ಇರು’ ಅಂದ.