ಗಾಳಿಯೇ ಇಲ್ಲದ ಕಡೆ ಏನು ಕೇಳಿಸುತ್ತೆ?

"ಅಂತರಿಕ್ಷದಲ್ಲಿ ಗಾಳಿನೇ ಇಲ್ಲ, ಸದ್ದು ಹೇಗೆ ಕೇಳಿಸುತ್ತೆ?" ನೌಕೆಗೆ ಬಿದ್ದ ಪೆಟ್ಟನ್ನು ಸದ್ದಿನಿಂದ ಪತ್ತೆ ಮಾಡುವ ಸೆನ್ಸರ್‌ಗಳ ಕೆಲಸ ನನ್ನದು ಅಂದ ತಕ್ಷಣ ಎಲ್ಲರೂ ಕೇಳುವುದು ಇದನ್ನೇ. ಅದೂ ಕಳ್ಳಿಯನ್ನು ಹಿಡಿದವರ ಧಾಟಿಯಲ್ಲಿ. ಇನ್ನು ಬಾಯಲ್ಲಿ ಹೇಳಲ್ಲ, ಇಲ್ಲೇ ಓದಿಕೊಳ್ಳಿ.

ಗಾಳಿ ಬೇಕಿಲ್ಲ. ನೌಕೆಯ ಮೈಯೇ ಸಾಕು.

ಒಂದು ಮದುವೆ ಊಟದಲ್ಲಿ ದೊಡ್ಡಪ್ಪ ಇದೇ ಪ್ರಶ್ನೆ ಎತ್ತಿದರು. "ಮೇಜಿಗೆ ಕಿವಿ ಇಡಿ ದೊಡ್ಡಪ್ಪ" ಅಂದೆ. ಎಲೆ ಸರಿಸಿ, ಕನ್ನಡಕ ತೆಗೆದು ಕಿವಿ ಇಟ್ಟರು. ನಾನು ಆ ತುದಿಗೆ ಹೋಗಿ ಉಗುರಿನಿಂದ ಟಕ್ ಅನ್ನಿಸಿದೆ. ಓಲಗದ ಗಲಾಟೆಯಲ್ಲೂ ಅವರಿಗೆ ಕೇಳಿಸಿತು. ವಿಷಯ ಅಷ್ಟೇ.

ಅಲ್ಯೂಮಿನಿಯಂನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5 ಕಿ.ಮೀ. ಓಡುತ್ತದೆ. ಹತ್ತಿರದ ಸೆನ್ಸರ್‌ಗೆ ಮೊದಲು ಮುಟ್ಟುತ್ತದೆ, ಅದಕ್ಕಿಂತ ಒಂದು ಮೀಟರ್ ಆಚೆ ಇರುವುದಕ್ಕೆ ಸೆಕೆಂಡಿನ 5000ದಲ್ಲಿ ಒಂದು ಪಾಲು ತಡವಾಗಿ. ಮೂರ್ನಾಲ್ಕು ಸೆನ್ಸರ್‌ಗಳ ಈ ತಡ ಲೆಕ್ಕ ಹಾಕಿದರೆ ಪೆಟ್ಟು ಬಿದ್ದ ಜಾಗ ಸಿಗುತ್ತದೆ. ಹೊಸದೇನೂ ಅಲ್ಲ. 1958ರಲ್ಲಿ ಹಾರಿದ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1ರಲ್ಲೇ ಧೂಳಿನ ಕಣ ಬಡಿಯುವುದನ್ನು ಕೇಳಲು ಮೈಕ್ರೋಫೋನ್ ಇತ್ತು.

ಯಾರಾದರೂ ಕೇಳಲಿ ಅಂತ ನಾನು ಕಾಯುವ ಪ್ರಶ್ನೆ ಬೇರೆ: ಕೇಳಿಸಿದ್ದನ್ನು ಯಾರಿಗೆ, ಎಷ್ಟು ಬೇಗ ಹೇಳ್ತೀರಿ?

2003ರ ಜನವರಿ 16. ನಾಸಾದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಹಾರಿದ 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಿತ್ತು ಎಡ ರೆಕ್ಕೆಗೆ ಬಡಿಯಿತು. ಮರುದಿನವೇ ಅದು ವಿಡಿಯೋದಲ್ಲಿ ಕಂಡಿತ್ತು. ಏಟು ಎಷ್ಟು ಅನ್ನೋದು ಮಾತ್ರ ಗೊತ್ತಾಗಲಿಲ್ಲ. ಕಲ್ಪನಾ ಚಾವ್ಲಾ ಸೇರಿ ಏಳು ಜನ ಮೇಲೆ 16 ದಿನ ದುಡಿದರು. ಫೆಬ್ರವರಿ 1ರಂದು ಇಳಿಯುವಾಗ ನೌಕೆ ಚೂರಾಯಿತು, ಯಾರೂ ಉಳಿಯಲಿಲ್ಲ. ಆ ನೌಕೆಯಲ್ಲಿ ನೂರಾರು ಸೆನ್ಸರ್‌ಗಳಿದ್ದವು, ರೆಕ್ಕೆಯಲ್ಲೂ ಇದ್ದವು. ಆದರೆ ಅವುಗಳಲ್ಲಿ ಅನೇಕವು ಹೇಳಿದ್ದು ಒಂದು ಟೇಪಿಗೆ ಮಾತ್ರ ಹೋಗುತ್ತಿತ್ತು, ಇಳಿದ ಮೇಲೆ ನೋಡಲಿ ಅಂತ. ಆ ಟೇಪಿದ್ದ ಪೆಟ್ಟಿಗೆ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ನೆಲದ ಮೇಲೆ ಸಿಕ್ಕಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2005ರ ಜುಲೈನಲ್ಲಿ ಅದೇ ಬಗೆಯ ನೌಕೆ ಡಿಸ್ಕವರಿ ಹಾರಿದಾಗ ಒಂದೊಂದು ರೆಕ್ಕೆಯ ಅಂಚಿನ ಹಿಂದೆ ಕಂಪನ ಅಳೆಯುವ 66 ಸೆನ್ಸರ್‌ಗಳಿದ್ದವು. ಅವು ಹಿಡಿದದ್ದು ರೇಡಿಯೋ ಮೂಲಕ ಕ್ಯಾಬಿನ್‌ನ ಲ್ಯಾಪ್‌ಟಾಪ್‌ಗೆ ಬರುತ್ತಿತ್ತು, ಅಲ್ಲಿಂದ ಭೂಮಿಗೆ. ಅನುಮಾನ ಬಂದ ಜಾಗವನ್ನು ರೋಬೋ ತೋಳಿನ ಕ್ಯಾಮೆರಾದಿಂದ ಹತ್ತಿರದಿಂದ ನೋಡಬಹುದಿತ್ತು, ಇಳಿಯುವ ಮುಂಚೆಯೇ.