ಕೇಸ್ ಹಾಕೋಕಾಗಲ್ಲ, ಭಾವ

ಎಡಗೈಯ ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಲೋಟ ಹಿಡಿಯಬಹುದು, ಚಪಾತಿ ಹಿಟ್ಟು ನಾದುವುದು ಕಷ್ಟ.

ಕಳೆದ ಜುಲೈ, ಇಲ್ಲಿ ನಡುಚಳಿ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಗೋದಾಮೊಂದರಲ್ಲಿ ನನಗೆ ರಾತ್ರಿ ಪಾಳಿ. ಸರಕು ಪೇರಿಸಿದ ಪ್ಯಾಲೆಟ್ ಜಾರಿ ಬಂದು, ಅದಕ್ಕೂ ಕಬ್ಬಿಣದ ರ‍್ಯಾಕಿಗೂ ನಡುವೆ ಕೈ ಸಿಕ್ಕಿಕೊಂಡಿತು. ಪ್ಯಾಲೆಟ್ ಜಾರದಂತೆ ತಡೆಯುವ ಪಟ್ಟಿ ಮುರಿದು ಮೂರು ವಾರವಾಗಿತ್ತು. ನಾವು ಹೇಳಿದ್ದೆವು. ‘ನೋಡೋಣ’ ಅಂದಿದ್ದರು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಒಂದು ಫಾರ್ಮ್ ತುಂಬಿದರು. ಎಲ್ಲಿ ಆಯಿತು, ಯಾವಾಗ ಆಯಿತು, ಹೇಗೆ ಆಯಿತು. ತಪ್ಪು ಯಾರದ್ದು ಅಂತ ಮಾತ್ರ ಯಾರೂ ಕೇಳಲಿಲ್ಲ. ಮೊದಲ ವಾರ ಕಂಪನಿಯೇ ಸಂಬಳದ ಶೇ. 80ರಷ್ಟು ಕೊಟ್ಟಿತು. ಆಮೇಲಿನದ್ದು ಎಸಿಸಿಯಿಂದ, ಅದೇ ಶೇ. 80ರ ಲೆಕ್ಕದಲ್ಲಿ, ವಾರ ವಾರ ಬಂತು. ಎಸಿಸಿ ಅಂದರೆ ಆಕ್ಸಿಡೆಂಟ್ ಕಾಂಪನ್ಸೇಷನ್ ಕಾರ್ಪೊರೇಷನ್, ಸರ್ಕಾರದ್ದು. ಫಿಸಿಯೋ ಖರ್ಚಿನ ಬಹುಪಾಲನ್ನೂ ಅದೇ ಕೊಟ್ಟಿತು.

ಸಾಗರದಿಂದ ಭಾವ ಫೋನ್ ಮಾಡಿದರು. "ಕೇಸ್ ಜಡಿ ಮಾರಾಯ. ಫಾರಿನ್ನಲ್ಲಿ ಕೋಟಿಗಟ್ಲೆ ಕೊಡ್ತಾರಂತಲ್ಲ!"

"ಇಲ್ಲಿ ಹಾಕೋಕಾಗಲ್ಲ ಭಾವ. ಕಾನೂನೇ ಬಿಡಲ್ಲ."

ಅವರು ನಂಬಲಿಲ್ಲ. ನನ್ನನ್ನು ಹೆದರಿಸಿದ್ದಾರೆ ಅಂದುಕೊಂಡರು. ನಿಜ ಏನೆಂದರೆ, ನ್ಯೂಜಿಲೆಂಡಿನಲ್ಲಿ ಮೈಗೆ ಪೆಟ್ಟಾದರೆ ಪರಿಹಾರಕ್ಕಾಗಿ ಮಾಲೀಕನನ್ನಾಗಲಿ, ಕಾರು ಗುದ್ದಿದವನನ್ನಾಗಲಿ ಕೋರ್ಟಿಗೆ ಎಳೆಯುವಂತಿಲ್ಲ. 1967ರಲ್ಲಿ ನ್ಯಾಯಾಧೀಶ ಓವೆನ್ ವುಡ್‌ಹೌಸ್ ಅವರ ಆಯೋಗ ಒಂದು ವರದಿ ಕೊಟ್ಟಿತು. ಕೋರ್ಟಿನಲ್ಲಿ ಇನ್ನೊಬ್ಬರ ತಪ್ಪು ತೋರಿಸಿ ದುಡ್ಡು ಪಡೆಯುವುದು ಲಾಟರಿ ಇದ್ದ ಹಾಗೆ, ಅದನ್ನು ಬಿಟ್ಟು ಪೆಟ್ಟು ತಿಂದ ಎಲ್ಲರನ್ನೂ ನೋಡಿಕೊಳ್ಳಿ ಅಂತ. 1972ರಲ್ಲಿ ಕಾನೂನಾಯಿತು, 1974ರ ಏಪ್ರಿಲ್ 1ರಿಂದ ಜಾರಿ. ದುಡ್ಡು ಮಾಲೀಕರು ಕಟ್ಟುವ ಲೆವಿಯಿಂದ, ನಮ್ಮ ಸಂಬಳದಿಂದ, ಪೆಟ್ರೋಲಿನಿಂದಲೂ ಬರುತ್ತದೆ.

ನಮ್ಮಲ್ಲೂ ಇದರ ಒಂದು ತುಣುಕು ಇದೆ, ಕಾರ್ಮಿಕರ ಸರ್ಕಾರಿ ವಿಮೆ ಇಎಸ್‌ಐ. ಇಎಸ್‌ಐ ಇರುವ ಕಾರ್ಖಾನೆಯಲ್ಲಿ ಕೈ ಹೋದರೆ ಇಎಸ್‌ಐಯಿಂದಲೇ ಹಣ, ಅದಕ್ಕಾಗಿ ಮತ್ತೆ ಮಾಲೀಕನ ಬೆನ್ನು ಹತ್ತುವಂತಿಲ್ಲ. ಆದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಮ್ಮೂರ ಕೊನೆಗೌಡನಿಗೆ ಎಲ್ಲಿಯ ಇಎಸ್‌ಐ? ನಾನು ಚಿಕ್ಕವನಿದ್ದಾಗ ಪಕ್ಕದ ತೋಟದಲ್ಲಿ ಒಬ್ಬರು ಅಡಿಕೆ ಮರದಿಂದ ಬಿದ್ದರು. ತೋಟದವರು ಆಸ್ಪತ್ರೆ ಬಿಲ್ ಕಟ್ಟಿದರು, ಹಬ್ಬಕ್ಕೆ ಅಕ್ಕಿ ಕಳಿಸಿದರು. ಒಳ್ಳೆಯವರೇ. ಎರಡನೇ ವರ್ಷದ ಹೊತ್ತಿಗೆ ಅಕ್ಕಿಯೂ ನಿಂತಿತು. ಬಿದ್ದವರು ಆಮೇಲೆ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಅವರು ಇಲ್ಲಿ ಬಿದ್ದಿದ್ದರೆ ವಾರ ವಾರ ಹಣ ಬರುತ್ತಿತ್ತು. ಕೂಲಿಯವರಾಗಿರಲಿ, ಸ್ವಂತ ಕಸುಬಿನವರಾಗಿರಲಿ, ಕೈ ಜಾರಿದ್ದು ಅವರದ್ದೇ ತಪ್ಪಾಗಿರಲಿ.

ಹಾಗಂತ ಇದು ಸ್ವರ್ಗವೇನಲ್ಲ. ನಮ್ಮ ಪಾಳಿಯಲ್ಲೇ ಒಬ್ಬರಿಗೆ ಪಾರ್ಶ್ವವಾಯು ಬಡಿಯಿತು. ಅದು ಕಾಯಿಲೆ, ಅಪಘಾತವಲ್ಲ. ಎಸಿಸಿಯಿಂದ ಒಂದು ಡಾಲರೂ ಇಲ್ಲ. ನನ್ನ ಬೆರಳಿಗೆ ಸಿಕ್ಕಿದ್ದು ಅವರ ಅರ್ಧ ಮೈಗೆ ಸಿಗಲಿಲ್ಲ. ಅವರ ಹೆಂಡತಿ ನನ್ನ ಬ್ಯಾಂಡೇಜ್ ನೋಡಿ ಕುಶಲ ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಇನ್ನೊಂದು ನನ್ನದೇ ಸಂಕಟ. ದುಡ್ಡು ಬಂತು, ಆದರೆ ಆ ‘ನೋಡೋಣ’ಕ್ಕೆ ಉತ್ತರ ಕೊಡಬೇಕಾದವರು ನನ್ನೆದುರು ಬಂದು ನಿಲ್ಲಲೇ ಇಲ್ಲ. ಸುರಕ್ಷತೆಗೆ ಬೇರೆ ಕಾನೂನಿದೆ, 2015ರದ್ದು. ವರ್ಕ್‌ಸೇಫ್ ಎನ್ನುವ ಸರ್ಕಾರಿ ಸಂಸ್ಥೆ ಕಂಪನಿಗಳ ಮೇಲೆ ಮೊಕದ್ದಮೆ ಹೂಡಬಹುದು. ಕೋರ್ಟು ಹಾಕುವ ದಂಡ ಕಟ್ಟಲು ಕಂಪನಿ ಇನ್ಶೂರೆನ್ಸ್ ಮಾಡಿಸುವ ಹಾಗೂ ಇಲ್ಲ, ಅದು ನನಗೆ ಬಹಳ ಹಿಡಿಸಿತು. ಆದರೆ ನನ್ನ ಎರಡು ಬೆರಳಿಗಾಗಿ ಯಾರೂ ಬರಲಿಲ್ಲ.

ಮೊನ್ನೆ ಭಾವ ಮತ್ತೆ ಫೋನ್ ಮಾಡಿದ್ದರು. ಕೋಟಿ ವಿಷಯ ಎತ್ತಲಿಲ್ಲ.

"ಅಲ್ಲ, ಆ ಪಟ್ಟಿನಾದ್ರೂ ಸರಿ ಮಾಡಿದ್ರಾ?"

"ಮಾರನೇ ದಿನವೇ. ನಾಲ್ಕು ಬೋಲ್ಟು, ಹಳದಿ ಬಣ್ಣ. ಕಾಲು ಗಂಟೆ ಕೆಲಸವಂತೆ."

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಈ ಸಲ ಮಳೆ ಜಾಸ್ತಿ, ಅಡಿಕೆಯ ಕೊಳೆರೋಗಕ್ಕೆ ಎರಡು ಸಲ ಔಷಧಿ ಹೊಡೆಸಿದೆ ಅಂದರು. ಮರ ಹತ್ತಿದ್ದು ಯಾರು ಅಂತ ಕೇಳಿದೆ.